ಚೀನೀ ಭಾಷಾಭ್ಯಾಸದ ಪ್ರಯೋಜನವೂ ಪ್ರಯಾಸವೂ

ಮಾತೃಭಾಷೆಯಲ್ಲದೆ ಇನ್ನೊಂದು ಭಾಷೆಯನ್ನು ಕಲಿಯಬೇಕೆಂಬ ವಿಷಯದಲ್ಲಿ ನಮ್ಮ ನಾಡಿನವರಿಗೆ ಹೆಚ್ಚು ಹೇಳಬೇಕಾದುದಿಲ್ಲ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡವನ್ನೂ ಇಂಗ್ಲಿಷನ್ನೂ ಓದಿ, ಪೇಟೆಯಲ್ಲಿ ಹಿಂದಿಯನ್ನೋ ಮಲಯಾಳವನ್ನೋ ಅರಿತುಕೊಳ್ಳುವ ಬಾಲಿಕೆಯರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಆದರೆ ಯಾವಳಾದರೂ ವಿದ್ಯಾರ್ಥಿನಿಯು ಮನೆಗೆ ಬಂದು, ತಾನು ಚೀನೀ ಭಾಷೆಯನ್ನು ಕಲಿಯಬೇಕೆಂದಿರುವೆನೆಂದು ಹೇಳಿದಳಾದರೆ, ತಂದೆತಾಯಿಗಳು ಒಂದು ಗಳಿಗೆ ಸುಮ್ಮನಾಗಿ, ಬಳಿಕ ಮೂರು ಪ್ರಶ್ನೆಗಳನ್ನು ಕೇಳದೆ ಇರಲಾರರು. ಆ ಭಾಷೆಗೂ ನಮಗೂ ಏನು ಸಂಬಂಧವು? ಅದು ನಮ್ಮಂಥವರಿಂದ ಕಲಿಯಲು ಸಾಧ್ಯವಾದುದೋ? ಆ ದೇಶಕ್ಕೂ ನಮ್ಮ ದೇಶಕ್ಕೂ ವೈಮನಸ್ಯವಿರುವಾಗ ಅದನ್ನು ಕಲಿತು ಆಗಬೇಕಾದುದೇನು?

ಈ ಮೂರು ಪ್ರಶ್ನೆಗಳೂ ನ್ಯಾಯವಾದವುಗಳೇ. ಮಗಳ ಹಲವು ವರ್ಷಗಳ ಪರಿಶ್ರಮವು ವ್ಯರ್ಥವಾಗಬಾರದೆಂದು ಚಿಂತಿಸುವುದು ಹೆತ್ತವರ ಕರ್ತವ್ಯವಾಗಿದೆ. ಆದುದರಿಂದ ಇವುಗಳಿಗೆ ಒಂದೊಂದಾಗಿ ಉತ್ತರವನ್ನು ಹುಡುಕೋಣ. ಇದುವರೆಗೆ ನಾವು ಚೀನೀ ಭಾಷೆಯನ್ನು ಇಂಗ್ಲಿಷಿನ ಮೂಲಕವಾಗಿಯೇ ನೋಡುತ್ತ ಬಂದಿರುವುದರಿಂದ ಅದು ಇರುವುದಕ್ಕಿಂತಲೂ ಹೆಚ್ಚು ದೂರದ್ದಾಗಿ ತೋರುತ್ತದೆಂದೂ, ಕನ್ನಡದಿಂದ ನೇರವಾಗಿ ಅದನ್ನು ಸಮೀಪಿಸುವವಳಿಗೆ ಹಾದಿಯು ಅಷ್ಟು ಅಪರಿಚಿತವಲ್ಲವೆಂದೂ ತೋರಿಸುವುದೇ ಈ ಲೇಖನದ ಉದ್ದೇಶವು.

ಮೊದಲು ಚೀನೀ ಭಾಷೆಯೆಂದರೆ ಯಾವುದೆಂದು ತಿಳಿಯಬೇಕು. ಆ ವಿಶಾಲವಾದ ದೇಶದಲ್ಲಿ ಒಂದೇ ಮಾತಿಲ್ಲ. ಹಾಂಗ್‌ಕಾಂಗಿನಲ್ಲಿ ಕೇಳಿಬರುವ ಕ್ಯಾಂಟನೀಸ್, ಕೋಲ್ಕತ್ತದ ಚೀನೀ ಕುಟುಂಬಗಳಲ್ಲಿ ಹಲವು ತಲೆಮಾರುಗಳಿಂದ ಉಳಿದುಬಂದಿರುವ ಹಕ್ಕಾ, ಶಾಂಘಾಯಿಯ ಮಾತು ಇವೆಲ್ಲ ಒಂದಕ್ಕೊಂದು ಬೇರೆಯಾಗಿರುತ್ತವೆ. ಒಂದನ್ನು ಆಡುವವನಿಗೆ ಇನ್ನೊಂದು ತಿಳಿಯದು. ಆದರೆ ಪಾಠಶಾಲೆಗಳಲ್ಲಿಯೂ ಸರಕಾರದ ಕಾರ್ಯಗಳಲ್ಲಿಯೂ ನಡೆಯುವ ಸಾಮಾನ್ಯ ಭಾಷೆಯು ಉತ್ತರದೇಶದ ನುಡಿಯ ಆಧಾರದ ಮೇಲೆ ನಿಂತಿದೆ. ಇದನ್ನೇ ಹೊರಗಿನವರು ಮ್ಯಾಂಡರಿನ್ ಎನ್ನುವರು. ಇದು ಚೀನದಲ್ಲಿಯೂ ತೈವಾನಿನಲ್ಲಿಯೂ ರಾಜ್ಯಭಾಷೆಯಾಗಿದ್ದು, ಕನ್ನಡಿಗರೂ ನೆಲಸಿರುವ ಸಿಂಗಪುರದಲ್ಲಿ ತಮಿಳು, ಮಲಯ, ಇಂಗ್ಲಿಷ್‌ಗಳ ಜತೆಯಲ್ಲಿ ನಾಲ್ಕು ಅಧಿಕೃತ ಭಾಷೆಗಳಲ್ಲೊಂದಾಗಿದೆ. ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿಯೂ ಇದಕ್ಕೆ ಸ್ಥಾನವುಂಟು. ಈ ಲೇಖನದಲ್ಲಿ ಚೀನೀ ಎಂದು ಹೇಳುವುದು ಈ ಸಾಮಾನ್ಯ ಭಾಷೆಯನ್ನೇ.

ಇನ್ನು ಮೊದಲನೆಯ ಪ್ರಶ್ನೆಗೆ ಬರೋಣ. ಆ ಭಾಷೆಗೂ ನಮಗೂ ಸಂಬಂಧವೇನು?

ಇಮ್ಮಡಿ ಪುಲಿಕೇಶಿಯ ಹೆಸರನ್ನು ನಮ್ಮ ಶಾಲೆಗಳಲ್ಲಿ ಓದದ ಬಾಲಿಕೆಯಿಲ್ಲ. ಆತನ ವಿಷಯವಾಗಿ ನಮಗೆ ಮುಖ್ಯವಾದ ಎರಡು ಸಾಕ್ಷ್ಯಗಳುಂಟು. ಒಂದು, 634ನೆಯ ಇಸವಿಯಲ್ಲಿ ರವಿಕೀರ್ತಿಯು ರಚಿಸಿದ ಐಹೊಳೆಯ ಶಾಸನವು. ಇದು ಆಸ್ಥಾನದ ಕವಿಯು ತನ್ನ ಒಡೆಯನನ್ನು ಕೊಂಡಾಡಿ ಬರೆದುದು. ಇನ್ನೊಂದು, ಸುಮಾರು 641ರಲ್ಲಿ ಚಾಲುಕ್ಯರ ರಾಜ್ಯಕ್ಕೆ ಬಂದ ಹ್ಯೂಯೆನ್ ತ್ಸಾಂಗನೆಂಬ ಚೀನೀ ಭಿಕ್ಷುವಿನ ಬರಹವು. ಈ ರಾಜ್ಯದ ಜನರು ಉಪಕಾರವನ್ನು ಮರೆಯದವರೆಂದೂ, ಅಪಕಾರಕ್ಕೆ ಪ್ರತೀಕಾರ ಮಾಡದೆ ಬಿಡದವರೆಂದೂ, ಯುದ್ಧಕ್ಕೆ ಮುನ್ನ ಆನೆಗಳಿಗೆ ಮದ್ಯವನ್ನು ಕುಡಿಸುತ್ತಿದ್ದರೆಂದೂ, ಉತ್ತರದಲ್ಲೆಲ್ಲ ಗೆದ್ದ ಹರ್ಷನಿಗೆ ಇವರು ಮಾತ್ರ ಮಣಿಯಲಿಲ್ಲವೆಂದೂ ಆತನು ಬರೆದಿಟ್ಟಿದ್ದಾನೆ. ಅರಸನ ಹಂಗಿಲ್ಲದ ಪರದೇಶಿಯ ಸಾಕ್ಷಿಯಾದುದರಿಂದ ಇದಕ್ಕೆ ಬೆಲೆಯು ಹೆಚ್ಚು.

ಆದರೆ ಈ ಸಾಕ್ಷಿಯು ನಮಗೆ ದೊರಕಿದ ಬಗೆಯನ್ನು ನೋಡಿರಿ. ಮೂಲಗ್ರಂಥವು 646ರಲ್ಲಿ ಚೀನೀ ಭಾಷೆಯಲ್ಲಿ ಸಿದ್ಧವಾಯಿತು. ಜೂಲಿಯನ್ ಎಂಬ ಫ್ರೆಂಚ್ ಪಂಡಿತನು 1857 ಮತ್ತು 1858ರಲ್ಲಿ ಅದರ ಭಾಷಾಂತರವನ್ನು ಪ್ರಕಟಿಸಿದನು. 1884ರಲ್ಲಿ ಬೀಲ್ ಎಂಬ ಆಂಗ್ಲ ಪಂಡಿತನು ಇಂಗ್ಲಿಷಿಗೆ ತಂದನು. ಅಲ್ಲಿಂದ ಅದು ನಮ್ಮ ಕನ್ನಡ ಪಾಠಪುಸ್ತಕಗಳಿಗೆ ಇಳಿದು ಬಂದಿತು. ನಮ್ಮ ಅರಸನ ಕಥೆಯನ್ನು ನಮ್ಮ ಮಕ್ಕಳು ಹೀಗೆ ಬೇರೆಯವರ ಕೈಯಿಂದ ಪಡೆದುಕೊಳ್ಳುತ್ತಿದ್ದಾರೆ.

ಹ್ಯೂಯೆನ್ ತ್ಸಾಂಗನೊಬ್ಬನೇ ಅಲ್ಲ. ಆತನಿಗಿಂತ ಮೊದಲು 399ರಲ್ಲಿ ಫಾಹಿಯಾನನೂ, ತರುವಾಯ 671ರಲ್ಲಿ ಇತ್ಸಿಂಗನೂ ಭಾರತಕ್ಕೆಂದು ಹೊರಟು ಬಂದು, ಕಂಡುದನ್ನು ಬರೆದಿಟ್ಟರು. ಕನಿಂಗ್‌ಹ್ಯಾಮನು ಹತ್ತೊಂಬತ್ತನೆಯ ಶತಮಾನದಲ್ಲಿ ನಾಲಂದವೇ ಮೊದಲಾದ ಹಾಳುಬಿದ್ದ ಸ್ಥಳಗಳನ್ನು ಗುರುತಿಸಿದುದು ಈ ಯಾತ್ರಿಕರ ಗ್ರಂಥಗಳ ಸಹಾಯದಿಂದಲೇ. ಹ್ಯೂಯೆನ್ ತ್ಸಾಂಗನು 645ರಲ್ಲಿ ಸ್ವದೇಶಕ್ಕೆ ಹಿಂದಿರುಗುವಾಗ 657 ಗ್ರಂಥಗಳನ್ನು ಕೊಂಡೊಯ್ದು, ಉಳಿದ ಆಯುಷ್ಯವನ್ನೆಲ್ಲ ಅವುಗಳ ಭಾಷಾಂತರದಲ್ಲಿ ಕಳೆದನು. ಹೀಗೆ ಹೋದ ಗ್ರಂಥಗಳಲ್ಲಿ ಕೆಲವುಗಳ ಮೂಲವು ನಮ್ಮ ದೇಶದಲ್ಲಿ ನಾಶವಾಗಿ ಹೋಗಿದೆ. ಅಶ್ವಘೋಷನ ಬುದ್ಧಚರಿತವು ಇಪ್ಪತ್ತೆಂಟು ಸರ್ಗಗಳ ಕಾವ್ಯವಾಗಿದ್ದು, ಸಂಸ್ಕೃತದಲ್ಲಿ ಅದರ ಅರ್ಧಭಾಗ ಮಾತ್ರವೇ ಉಳಿದಿದೆ. ಮಿಕ್ಕ ಅರ್ಧವನ್ನು ಓದಬೇಕೆಂದರೆ ಟಿಬೆಟಿನ ಅಥವಾ ಚೀನೀ ಭಾಷಾಂತರಕ್ಕೆ ಕೈಚಾಚಬೇಕಾಗಿದೆ. ಹರಿವರ್ಮನ ತತ್ತ್ವಸಿದ್ಧಿಯಂತೂ ಚೀನೀ ಭಾಷೆಯೊಂದರಲ್ಲಿಯೇ ಉಳಿದಿರುವ ಗ್ರಂಥವು. ನಮ್ಮ ಮನೆಯ ಒಡವೆಯನ್ನು ನೆರೆಯವರು ಸಾವಿರದೈನೂರು ವರ್ಷ ಕಾಪಾಡಿ ಇಟ್ಟಿರುವಾಗ, ಅದನ್ನು ಕೇಳಿ ಪಡೆಯಲು ಬೇಕಾದ ಮಾತು ನಮಗೆ ಬಾರದೆ ಇರುವುದು ಶೋಚನೀಯವಲ್ಲವೇ?

ಹರಿವರ್ಮನ ಈ ಗ್ರಂಥವನ್ನು ಚೀನೀ ಭಾಷೆಗೆ ತಂದವನು ಕುಮಾರಜೀವನು. ಆತನ ತಂದೆಯು ಭಾರತೀಯನು. ತಾಯಿಯು ಮಧ್ಯ ಏಷ್ಯದ ಕುಚಾ ರಾಜ್ಯದ ಅರಸುಮನೆತನದವಳು. ಈ ತಾಯಿಯು ತಾನೇ ಭಿಕ್ಷುಣಿಯಾಗಿ, ಬಾಲಕನಾದ ಮಗನನ್ನು ವಿದ್ಯಾಭ್ಯಾಸಕ್ಕೋಸ್ಕರ ಕಾಶ್ಮೀರದವರೆಗೆ ಕರೆದುಕೊಂಡು ಹೋದಳು. ಆ ಮಗನೇ 401ರಲ್ಲಿ ಚೀನದ ರಾಜಧಾನಿಯನ್ನು ಸೇರಿ, ಇಂದಿಗೂ ಅಲ್ಲಿ ಓದುವ ಭಾಷಾಂತರಗಳನ್ನು ಮಾಡಿದನು. ಕಾಲ ನಮೂದಿಸಿರುವ ಮುದ್ರಿತ ಪೂರ್ಣಗ್ರಂಥಗಳಲ್ಲಿ ಲೋಕದಲ್ಲೇ ಅತಿ ಪುರಾತನವಾದುದು 868ರಲ್ಲಿ ಅಚ್ಚಾದ ವಜ್ರಚ್ಛೇದಿಕಾ ಸೂತ್ರವು. ಲಂಡನ್ನಿನಲ್ಲಿ ರಕ್ಷಿಸಲ್ಪಟ್ಟಿರುವ ಈ ಸುರುಳಿಯ ಮಾತುಗಳು ಕುಮಾರಜೀವನವೇ.

ಗ್ರಂಥಗಳೊಡನೆ ಶಬ್ದಗಳೂ ಪ್ರಯಾಣ ಮಾಡಿದವು. ನಮ್ಮ ಕ್ಷಣವು ಅಲ್ಲಿ ‘ಛಾನಾ’ ಆಯಿತು. ಧ್ಯಾನವು ಪಾಲಿಯ ‘ಝಾನ’ವೆಂಬ ರೂಪಕ್ಕೆ ಸಮೀಪವಾಗಿ ‘ಛಾನ್’ ಆಗಿ, ಜಪಾನನ್ನು ಸೇರಿ ‘ಝೆನ್’ ಎನ್ನಿಸಿಕೊಂಡಿತು. ಬೋಧಿಸತ್ತ್ವನು ‘ಫೂಸಾ’ ಆದನು. ಸಂಸ್ಕೃತದ ಮಲ್ಲಿಕೆಯು ‘ಮೋಲೀ’ ಎಂಬ ಹೆಸರಿನಿಂದ ಅಲ್ಲಿ ಇಂದಿಗೂ ಅರಳುತ್ತಿದೆ. ನಮ್ಮ ಹೆಣ್ಣುಮಕ್ಕಳು ಮುಡಿಯುವ ಮಲ್ಲಿಗೆಯೂ ಆ ಮೋಲೀಯೂ ಅಕ್ಕತಂಗಿಯರೇ. ಅತ್ತಲಿಂದ ಇತ್ತ ಬಂದವುಗಳಲ್ಲಿ ಪ್ರಸಿದ್ಧವಾದುದು ನಮ್ಮ ಚಹಾ. ಅದು ಚೀನೀಯ ‘ಛಾ’ ಎಂಬ ಮಾತೇ. ಕಾಳಿದಾಸನ ಶಾಕುಂತಲದಲ್ಲಿಯೂ ಚೀನಾಂಶುಕವೆಂಬ ರೇಷ್ಮೆಯ ಹೆಸರು ಬಂದಿದೆ.

ಸಮುದ್ರಮಾರ್ಗದ ಸಂಬಂಧಕ್ಕೂ ಶಿಲಾಸಾಕ್ಷಿಯುಂಟು. ಚೀನೀ ನಾವಿಕನಾಯಕನಾದ ಝೆಂಗ್ ಹೆಯು ಸಿಂಹಳದ ಗಾಲೆಯಲ್ಲಿ ನಿಲ್ಲಿಸಿದ 1409ರ ಶಾಸನವು ಒಂದೇ ಕಲ್ಲಿನ ಮೇಲೆ ಚೀನೀ, ತಮಿಳು, ಪಾರಸಿ ಈ ಮೂರು ಭಾಷೆಗಳಲ್ಲಿ ಕೆತ್ತಲ್ಪಟ್ಟಿದೆ. ಅಂದಿನ ವರ್ತಕರು ನೆರೆಯವರ ಭಾಷೆಯನ್ನು ಅನಾವಶ್ಯಕವೆಂದು ಎಣಿಸಲಿಲ್ಲವೆಂಬುದಕ್ಕೆ ಈ ಕಲ್ಲೇ ಪ್ರಮಾಣವು.

ಇಲ್ಲಿ ಮಿಶನರಿಗಳ ಪರಿಶ್ರಮವನ್ನೂ ಸ್ಮರಿಸುವುದು ಯುಕ್ತವಾಗಿದೆ. ಬಂಗಾಳದ ಶ್ರೀರಾಮಪುರದಲ್ಲಿದ್ದ ಮಾರ್ಷ್‌ಮನ್ನರು ಭಾರತದಲ್ಲಿ ಕುಳಿತುಕೊಂಡೇ ಚೀನೀ ಭಾಷೆಯನ್ನು ಅಭ್ಯಾಸಮಾಡಿ, 1814ರಲ್ಲಿ ಅದರ ವ್ಯಾಕರಣವೊಂದನ್ನು ಅಚ್ಚುಹಾಕಿಸಿದರು. 1822ರಲ್ಲಿ ಅಲ್ಲಿಯೇ ಚೀನೀ ಬೈಬಲು ಸಂಪೂರ್ಣವಾಗಿ ಮುದ್ರಿತವಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು 1847ರಲ್ಲಿ ಹಾಂಗ್‌ಕಾಂಗಿಗೂ ಹೋಗಿ, ಹಕ್ಕಾ ಜನರ ಮಧ್ಯದಲ್ಲಿದ್ದು ಅವರ ನುಡಿಯನ್ನು ಕಲಿತರು. ಅದೇ ಮಿಶನಿನ ಕಿಟ್ಟೆಲರು ಕನ್ನಡವನ್ನು ಕಲಿತು, 1894ರಲ್ಲಿ ಹೊರಬಂದ ಮಹಾಕೋಶವನ್ನು ನಮಗೆ ಕೊಟ್ಟರು. ಜರ್ಮನ್ ದೇಶದ ಆ ಯುವಕನು ‘ಈ ಭಾಷೆಯಿಂದ ನನಗೇನು ಲಾಭ’ ಎಂದು ಕೇಳಿ ಹಿಂದೆಗೆದಿದ್ದರೆ ನಮಗೆ ಎಷ್ಟು ನಷ್ಟವಾಗುತ್ತಿತ್ತು! ಪರರು ನಮ್ಮ ಭಾಷೆಗಾಗಿ ಪಟ್ಟ ಕಷ್ಟವನ್ನು ಕೃತಜ್ಞತೆಯಿಂದ ನೆನೆಯುವ ನಾವು, ಪರರ ಭಾಷೆಗಾಗಿ ಅಂಥ ಕಷ್ಟವನ್ನು ನಾವೂ ಪಡಬಹುದೆಂದು ಅಪರೂಪವಾಗಿ ಯೋಚಿಸುತ್ತೇವೆ.

ಎರಡನೆಯ ಪ್ರಶ್ನೆಯು, ಇದನ್ನು ಕಲಿಯುವುದು ಸಾಧ್ಯವೋ ಎಂಬುದು. ಈ ಭಾಷೆಯು ಬಹು ಕಠಿಣವೆಂಬ ಪ್ರತೀತಿಯು ಇಂಗ್ಲಿಷರಿಂದ ನಮಗೆ ಬಂದುದು. ಅವರಿಗೆ ಕಠಿಣವಾದುದೆಲ್ಲವೂ ನಮಗೂ ಕಠಿಣವಾಗಬೇಕೆಂಬ ನಿಯಮವಿಲ್ಲ.

ಮೊದಲು ಉಚ್ಚಾರಣೆಯನ್ನು ನೋಡಿರಿ. ಕಾಗುಣಿತವನ್ನು ಬಲ್ಲ ಬಾಲಿಕೆಗೆ ಅಲ್ಪಪ್ರಾಣ ಮಹಾಪ್ರಾಣಗಳ ಭೇದವು ತಿಳಿದಿರುತ್ತದೆ. ಪ ಮತ್ತು ಫ, ತ ಮತ್ತು ಥ, ಕ ಮತ್ತು ಖ ಇವು ಚೀನೀ ಭಾಷೆಯಲ್ಲಿಯೂ ಬೇರೆ ಬೇರೆ ವರ್ಣಗಳು. ಅಲ್ಲಿ ಬ, ದ, ಗ ಎಂಬ ಘೋಷಾಕ್ಷರಗಳು ಮಾತ್ರ ಇಲ್ಲ. 1958ರಲ್ಲಿ ಚೀನ ಸರಕಾರವು ಉಚ್ಚಾರಣೆಯನ್ನು ಕಲಿಸುವುದಕ್ಕಾಗಿ ‘ಪಿನ್‌ಯಿನ್’ ಎಂಬ ರೋಮನ್ ಬರವಣಿಗೆಯನ್ನು ಜಾರಿಗೆ ತಂದಾಗ, ರೋಮನ್ ಲಿಪಿಯಲ್ಲಿ ಮಹಾಪ್ರಾಣಕ್ಕೆ ಬೇರೆ ಅಕ್ಷರವಿಲ್ಲದುದರಿಂದ ‘ಬಿ’ ಎಂಬ ಅಕ್ಷರವನ್ನು ಪಕಾರಕ್ಕೂ, ‘ಪಿ’ ಎಂಬ ಅಕ್ಷರವನ್ನು ಫಕಾರಕ್ಕೂ ಗೊತ್ತುಮಾಡಿದರು. ಆದುದರಿಂದ ನಾವು ಬೀಜಿಂಗ್ ಎಂದು ಓದುವ ರಾಜಧಾನಿಯ ಹೆಸರು ಅಲ್ಲಿಯವರ ಬಾಯಲ್ಲಿ ಹೆಚ್ಚುಕಡಿಮೆ ‘ಪೇಯ್‌ಚಿಂಗ್’ ಎಂದೇ ಇರುತ್ತದೆ. ಇಂಗ್ಲಿಷ್ ವಿದ್ಯಾರ್ಥಿಯು ಬಹುಕಾಲ ಗೊಂದಲಪಡುವ ಈ ವಿಷಯವನ್ನು ಕನ್ನಡದ ಬಾಲಿಕೆಯು ತನ್ನ ಅಕ್ಷರಗಳಲ್ಲಿ ಬರೆದುಕೊಂಡು ಒಂದೇ ದಿನದಲ್ಲಿ ತಿಳಿಯಬಲ್ಲಳು. ಪೂರ್ವಕಾಲದಲ್ಲಿ ಚೀನದ ಬೌದ್ಧಭಿಕ್ಷುಗಳೂ ಸಂಸ್ಕೃತ ವರ್ಣಮಾಲೆಯ ಕ್ರಮವನ್ನು ಅರಿತೇ ತಮ್ಮ ವ್ಯಂಜನಗಳನ್ನು ಓಷ್ಠ್ಯ, ದಂತ್ಯ, ಕಂಠ್ಯಗಳೆಂದು ವಿಂಗಡಿಸಿದರು.

ವ್ಯಾಕರಣವು ಇನ್ನೂ ಸುಲಭವಾದುದು. ವಿಭಕ್ತಿಪ್ರತ್ಯಯಗಳಿಲ್ಲ, ಲಿಂಗವಚನಗಳಿಗೆ ತಕ್ಕಂತೆ ಕ್ರಿಯಾಪದವು ಮಾರ್ಪಡುವುದಿಲ್ಲ. ವಾಕ್ಯದಲ್ಲಿ ಕರ್ಮಪದವು ಇಂಗ್ಲಿಷಿನಲ್ಲಿರುವಂತೆ ಕ್ರಿಯೆಯ ನಂತರ ಬರುತ್ತದೆಂಬುದು ನಿಜವೇ. ಆದರೆ ವಿಶೇಷಣವಾಕ್ಯಗಳ ಜೋಡಣೆಯು ನಮ್ಮದರಂತೆಯೇ ಇದೆ. ‘ನಾನು ಓದುವ ಪುಸ್ತಕ’ ಎಂಬುದನ್ನು ಅವರು ‘ವೋ ಖಾನ್ ತ ಷೂ’ ಎನ್ನುತ್ತಾರೆ. ವೋ ಎಂದರೆ ನಾನು, ಖಾನ್ ಎಂದರೆ ಓದು, ಷೂ ಎಂದರೆ ಪುಸ್ತಕ; ನಡುವಿನ ‘ತ’ಕಾರವು ನಮ್ಮ ‘ಓದುವ’ ಎಂಬಲ್ಲಿನ ‘ವ’ಕಾರದ ಕೆಲಸವನ್ನು ಮಾಡುತ್ತದೆ. ಇಂಗ್ಲಿಷಿನಲ್ಲಿ ಈ ಕ್ರಮವು ತಲೆಕೆಳಗಾಗುತ್ತದೆ. ಪ್ರಶ್ನೆಯನ್ನು ಕೇಳುವಾಗ ನಾವು ‘ಬರುತ್ತೀಯಾ’ ಎಂದು ಕೊನೆಯಲ್ಲಿ ಆಕಾರವನ್ನು ಸೇರಿಸುವಂತೆ, ಅವರು ‘ಮಾ’ ಎಂಬುದನ್ನು ಸೇರಿಸಿ ‘ನೀ ಲಾಯ್ ಮಾ’ ಎಂದು ಕೇಳುತ್ತಾರೆ. ಇಲ್ಲಿ ‘ನೀ’ ಎಂಬುದಕ್ಕೆ ನಮ್ಮ ನೀ ಎಂಬುದರ ಅರ್ಥವೇ ಇರುವುದು ಕೇವಲ ಕಾಕತಾಳೀಯವು. ಆದರೆ ಎಚ್ಚರಿಕೆಯಿರಲಿ! ಅಲ್ಲಿ ‘ನೀ’ ಎಂಬುದು ಸಲಿಗೆಯ ಮಾತು. ‘ನೀನ್’ ಎಂಬುದು ಹಿರಿಯರನ್ನು ಸಂಬೋಧಿಸುವ ಗೌರವದ ಮಾತು.

ಇಂಗ್ಲಿಷಿನಲ್ಲಿ ಅಕ್ಕನಿಗೂ ತಂಗಿಗೂ ಒಂದೇ ಶಬ್ದವಿರುವುದು ನಮ್ಮ ಮಕ್ಕಳಿಗೆ ವಿಚಿತ್ರವಾಗಿ ತೋರುತ್ತದೆ. ಚೀನೀಯಲ್ಲಿ ಹಾಗಿಲ್ಲ. ಅಣ್ಣನು ‘ಕಕ’, ತಮ್ಮನು ‘ತೀತಿ’, ಅಕ್ಕನು ‘ಚ್ಯೆಚ್ಯೆ’, ತಂಗಿಯು ‘ಮೇಯ್‌ಮೇಯ್’. ತಂದೆಯ ಕಡೆಯವರಿಗೂ ತಾಯಿಯ ಕಡೆಯವರಿಗೂ ಅಲ್ಲಿ ಬೇರೆ ಬೇರೆ ಹೆಸರುಗಳುಂಟು. ಎಣಿಕೆಯೂ ನಮ್ಮ ಕ್ರಮದಲ್ಲಿಯೇ ಇದೆ. ಇಪ್ಪತ್ತೊಂದು ಎಂಬುದರಲ್ಲಿ ಎರಡು, ಹತ್ತು, ಒಂದು ಎಂಬ ಮೂರು ಮಾತುಗಳು ಅಡಗಿರುವಂತೆ, ‘ಅರ್ ಷಿ ಯೀ’ ಎಂಬುದರಲ್ಲಿ ಅವೇ ಮೂರು ಮಾತುಗಳು ಬಿಡಿಯಾಗಿ ನಿಂತಿವೆ.

ಆದರೆ ಸುಲಭವಾದುದನ್ನು ಮಾತ್ರ ಹೇಳಿ ಕಷ್ಟವನ್ನು ಮುಚ್ಚಿಡುವುದು ಸರಿಯಲ್ಲ. ಕಷ್ಟಗಳು ಎರಡು. ಮೊದಲನೆಯದು ಸ್ವರಭೇದ. ಈ ಭಾಷೆಯಲ್ಲಿ ಪ್ರತಿಯೊಂದು ಅಕ್ಷರಕ್ಕೂ ನಾಲ್ಕು ರಾಗಗಳಲ್ಲೊಂದು ಇರುತ್ತದೆ. ‘ಮಾ’ ಎಂದು ಸಮವಾಗಿ ನುಡಿದರೆ ತಾಯಿ, ಏರಿಸಿದರೆ ಸೆಣಬು, ತಗ್ಗಿಸಿ ಎತ್ತಿದರೆ ಕುದುರೆ, ಥಟ್ಟನೆ ಇಳಿಸಿದರೆ ಬೈಯುವುದು. ನಾವೂ ‘ಹೂಂ’ ಎಂಬ ಒಂದೇ ನುಡಿಯನ್ನು ಒಪ್ಪಿಗೆಯಲ್ಲಿ ಒಂದು ಬಗೆಯಾಗಿಯೂ, ಪ್ರಶ್ನೆಯಲ್ಲಿ ಇನ್ನೊಂದು ಬಗೆಯಾಗಿಯೂ, ಮಗುವನ್ನು ಗದರಿಸುವಾಗ ಮತ್ತೊಂದು ಬಗೆಯಾಗಿಯೂ ನುಡಿಯುತ್ತೇವೆ. ಆದರೆ ನಮ್ಮಲ್ಲಿ ರಾಗವು ಭಾವವನ್ನು ತಿಳಿಸಿದರೆ, ಅಲ್ಲಿ ಅರ್ಥವನ್ನೇ ಬದಲಾಯಿಸುತ್ತದೆ. ಸಂಗೀತವನ್ನು ಸ್ವಲ್ಪವಾದರೂ ಅಭ್ಯಾಸಮಾಡಿದ ಬಾಲಿಕೆಯ ಕಿವಿಗೆ ಇದು ಬೇಗನೆ ವಶವಾಗಬಹುದು.

ಎರಡನೆಯ ಕಷ್ಟವು ಲಿಪಿಯದು. ಐವತ್ತು ಅಕ್ಷರಗಳನ್ನು ಕಲಿತು ಎಲ್ಲವನ್ನೂ ಓದುವ ಸೌಕರ್ಯವು ಅಲ್ಲಿಲ್ಲ. 1988ರಲ್ಲಿ ಗೊತ್ತುಪಡಿಸಿದ ಪಟ್ಟಿಯಲ್ಲಿ ನಿತ್ಯೋಪಯೋಗದ 2,500 ಚಿಹ್ನೆಗಳೂ, ಅವುಗಳ ಮೇಲೆ ಇನ್ನು 1,000 ಚಿಹ್ನೆಗಳೂ ಇವೆ. ಆದರೆ ಇವು ಮನಬಂದಂತೆ ಎಳೆದ ಗೆರೆಗಳಲ್ಲ. ಮರದ ಚಿಹ್ನೆಯನ್ನು ಎರಡು ಸಲ ಜತೆಯಾಗಿ ಬರೆದರೆ ತೋಪು. ಮೂರು ಸಲ ಬರೆದರೆ ದಟ್ಟವಾದ ಕಾಡು. ಬಹುಪಾಲು ಚಿಹ್ನೆಗಳಲ್ಲಿ ಒಂದು ಭಾಗವು ಅರ್ಥವನ್ನೂ ಇನ್ನೊಂದು ಭಾಗವು ಧ್ವನಿಯನ್ನೂ ಸೂಚಿಸುತ್ತದೆ. ತಾಯಿ ಎಂಬ ಚಿಹ್ನೆಯ ಎಡಭಾಗದಲ್ಲಿ ಹೆಣ್ಣಿನ ಗುರುತೂ ಬಲಭಾಗದಲ್ಲಿ ಕುದುರೆಯ ಗುರುತೂ ಇರುತ್ತವೆ. ‘ಹೆಣ್ಣಿಗೆ ಸಂಬಂಧಿಸಿದುದು, ಮಾ ಎಂಬಂತೆ ನುಡಿಯತಕ್ಕದ್ದು’ ಎಂಬುದೇ ಅದರ ತಾತ್ಪರ್ಯವು.

ಅಮೆರಿಕಾ ಸರಕಾರವು ತನ್ನ ರಾಯಭಾರಿಗಳನ್ನು ತರಬೇತುಗೊಳಿಸುವ ಸಂಸ್ಥೆಯಲ್ಲಿ, ಇಂಗ್ಲಿಷ್ ಮಾತೃಭಾಷೆಯವರಿಗೆ ಚೀನೀಯಲ್ಲಿ ಪ್ರವೀಣತೆ ಬರಲು ಸುಮಾರು 2,200 ಗಂಟೆಗಳ ಪಾಠವು ಬೇಕೆಂದು ಎಣಿಸಿದ್ದಾರೆ. ಇದು ಸ್ಪ್ಯಾನಿಷಿಗೆ ಬೇಕಾಗುವ ಕಾಲದ ಮೂರರಷ್ಟು. ಕನ್ನಡದವಳಿಗೂ ಇಷ್ಟೇ ಬೇಕೆಂದು ಎಣಿಸಿದರೂ, ದಿನಕ್ಕೊಂದು ಗಂಟೆಯಂತೆ ತಪ್ಪದೆ ಅಭ್ಯಾಸ ಮಾಡುವವಳಿಗೆ ಆರು ವರ್ಷಗಳು ಸಾಕು. ದಿನಕ್ಕೆ ಐದು ಚಿಹ್ನೆಗಳಂತೆ ಕಲಿತರೆ ಐನೂರು ದಿನಗಳಲ್ಲಿ 2,500 ಚಿಹ್ನೆಗಳ ಪರಿಚಯವಾಗುವುದು. ಹಳೆಯವುಗಳನ್ನು ಮರೆಯದಂತೆ ತಿರುವಿಹಾಕುವುದಕ್ಕೆ ಇನ್ನೂ ಅಷ್ಟೇ ಕಾಲವು ಬೇಕಾದೀತು. ಹೈಸ್ಕೂಲಿನಲ್ಲಿ ಆರಂಭಿಸಿದ ಬಾಲಿಕೆಯು ಕಾಲೇಜನ್ನು ಮುಗಿಸುವಾಗ ಒಂದು ವೃತ್ತಪತ್ರಿಕೆಯನ್ನು ಓದುವಷ್ಟಾದರೂ ಮುಂದುವರಿದಿರುವಳು. ಮೊದಲು ಆರು ತಿಂಗಳು ಕಿವಿಗೂ ನಾಲಗೆಗೂ ಅಭ್ಯಾಸ. ಅದರೊಡನೆ ಚೌಕದ ಗೆರೆಗಳುಳ್ಳ ಪುಸ್ತಕದಲ್ಲಿ ಮೇಲಿನಿಂದ ಕೆಳಕ್ಕೂ ಎಡದಿಂದ ಬಲಕ್ಕೂ ಕ್ರಮ ತಪ್ಪದೆ ಗೆರೆಗಳನ್ನು ತಿದ್ದುವುದು. ಉಚ್ಚಾರಣೆಯನ್ನು ಪಕ್ಕದಲ್ಲಿ ಕನ್ನಡ ಅಕ್ಷರಗಳಿಂದ ಗುರುತುಹಾಕಿಕೊಳ್ಳುವುದು. ಇದೇ ಒಳ್ಳೆಯ ಮಾರ್ಗವು.

ಮೂರನೆಯ ಪ್ರಶ್ನೆಯು ಎಲ್ಲಕ್ಕಿಂತ ಗಹನವಾದುದು. 1962ರಲ್ಲಿ ಆ ದೇಶದೊಡನೆ ನಮಗೆ ಯುದ್ಧವಾಯಿತು. 2020ರ ಜೂನಿನಲ್ಲಿ ಗಲ್ವಾನ್ ಕಣಿವೆಯಲ್ಲಿ ನಮ್ಮ 20 ಮಂದಿ ಯೋಧರು ಪ್ರಾಣವನ್ನು ಕೊಟ್ಟರು. 1959ರ ಬಳಿಕ ಸ್ವದೇಶವನ್ನು ಬಿಟ್ಟು ಬಂದ ಟಿಬೆಟನ್ನರಿಗೆ ನಮ್ಮ ಬೈಲುಕುಪ್ಪೆಯೂ ಮುಂಡಗೋಡೂ ಮನೆಯಾಗಿವೆ. ಅವರ ದುಃಖವು ನಮಗೆ ಅಪರಿಚಿತವಲ್ಲ. 2019ರ ಶಿಕ್ಷಣನೀತಿಯ ಕರಡಿನಲ್ಲಿ ವಿದೇಶೀ ಭಾಷೆಗಳ ಉದಾಹರಣೆಯಾಗಿ ಹೆಸರಿಸಿದ್ದ ಚೀನೀಯು 2020ರ ನೀತಿಯಲ್ಲಿ ಕಾಣಿಸಲಿಲ್ಲ. ಹೀಗಿರಲು ತಂದೆತಾಯಿಗಳು ಹಿಂಜರಿಯುವುದು ಸಹಜವಾಗಿದೆ.

ಆದರೆ ಭಾಷೆಯನ್ನು ಕಲಿಯುವುದೆಂದರೆ ಆ ಭಾಷೆಯನ್ನಾಡುವ ಸರಕಾರದ ಕೃತ್ಯಗಳನ್ನು ಒಪ್ಪಿಕೊಳ್ಳುವುದಲ್ಲ. ನಮ್ಮ ರಾಷ್ಟ್ರನಾಯಕರು ಇಂಗ್ಲಿಷನ್ನು ಚೆನ್ನಾಗಿ ಕಲಿತುದು ಇಂಗ್ಲಿಷರ ಆಳ್ವಿಕೆಯನ್ನು ಒಪ್ಪಿಕೊಂಡುದರಿಂದಲೇ? ಗಡಿಯ ವಿವಾದದಲ್ಲಿ ಎದುರು ಪಕ್ಷದವರು ತಮ್ಮ ಪತ್ರಿಕೆಗಳಲ್ಲಿ ತಮ್ಮ ಜನರಿಗೆ ಏನು ಹೇಳುತ್ತಿದ್ದಾರೆಂಬುದನ್ನು ನಾವು ಮೂರನೆಯವರ ಭಾಷಾಂತರದಿಂದ ತಿಳಿದುಕೊಳ್ಳುತ್ತಿದ್ದರೆ, ನಷ್ಟವು ಯಾರಿಗೆ? ಮಿತ್ರನಾಗಲಿ ಶತ್ರುವಾಗಲಿ, ನೆರೆಯವನ ಮಾತನ್ನು ನೇರವಾಗಿ ಕೇಳಬಲ್ಲವರು ನಮ್ಮ ಮನೆಯಲ್ಲಿರಬೇಕು.

ಅರಿಯದ ಭಯವು ಎಂಥ ಅನ್ಯಾಯಕ್ಕೆ ಎಡೆಗೊಡುತ್ತದೆಂಬುದನ್ನೂ ನಾವು ಮರೆಯಬಾರದು. 1962ರ ಯುದ್ಧದ ಕಾಲದಲ್ಲಿ, ನಮ್ಮ ದೇಶದಲ್ಲಿಯೇ ತಲೆಮಾರುಗಳಿಂದ ಬಾಳಿದ್ದ ಚೀನೀ ಮೂಲದ ಸುಮಾರು 3,000 ಮಂದಿಯನ್ನು, ಸ್ತ್ರೀಯರು ಮಕ್ಕಳೆನ್ನದೆ, ರಾಜಸ್ಥಾನದ ದೇವಲಿ ಶಿಬಿರದಲ್ಲಿ ಸೆರೆಯಿಟ್ಟರು. ಅವರಲ್ಲಿ ಕೆಲವರು ಅಲ್ಲಿ ವರ್ಷಗಟ್ಟಲೆ ಇರಬೇಕಾಯಿತು.

ಉಪಯೋಗವನ್ನು ಲೆಕ್ಕಿಸುವವರಿಗೂ ಹೇಳತಕ್ಕ ಮಾತುಗಳಿವೆ. 2023ರಲ್ಲಿ ಜನಸಂಖ್ಯೆಯಲ್ಲಿ ಭಾರತವು ಚೀನವನ್ನು ಮೀರಿತು. ಎರಡು ದೇಶಗಳಲ್ಲಿಯೂ ಒಂದೊಂದರಲ್ಲಿ 140 ಕೋಟಿಗೆ ಮಿಗಿಲಾದ ಜನರಿದ್ದಾರೆ. 2023-24ರಲ್ಲಿ ಚೀನದಿಂದ ನಮ್ಮ ದೇಶಕ್ಕೆ ಬಂದ ಸರಕಿನ ಬೆಲೆಯು ಹತ್ತು ಸಾವಿರ ಕೋಟಿ ಡಾಲರುಗಳನ್ನು ದಾಟಿತು. ನಮ್ಮ ಕಾರ್ಖಾನೆಗಳಲ್ಲಿ ತಯಾರಾಗುವ ಎಷ್ಟೋ ಔಷಧಗಳ ಮೂಲದ್ರವ್ಯಗಳು ಅಲ್ಲಿಂದ ಬರುತ್ತವೆ. ವೈದ್ಯವಿದ್ಯೆಗಾಗಿ ಅಲ್ಲಿಗೆ ಹೋದ ಭಾರತದ ವಿದ್ಯಾರ್ಥಿಗಳೂ ಸಾವಿರಗಟ್ಟಲೆ. ಅವರಿಗೆ ಪಾಠವು ಇಂಗ್ಲಿಷಿನಲ್ಲಿ ನಡೆದರೂ, ಆಸ್ಪತ್ರೆಯ ಹಾಸಿಗೆಯಲ್ಲಿರುವ ಮುದುಕಿಯು ತನ್ನ ನೋವನ್ನು ಹೇಳಿಕೊಳ್ಳುವುದು ಚೀನೀಯಲ್ಲಿಯೇ. ಆದಾಗ್ಯೂ ಈ ಭಾಷೆಯನ್ನು ಕಲಿತವಳಿಗೆಲ್ಲ ಉದ್ಯೋಗವು ನಿಶ್ಚಯವೆಂದು ಹೇಳುವುದು ಸತ್ಯವಾಗಲಾರದು. ವೈದ್ಯವಿದ್ಯೆ, ನ್ಯಾಯಶಾಸ್ತ್ರ, ವಾಣಿಜ್ಯ, ಇತಿಹಾಸ ಇವುಗಳಲ್ಲೊಂದರ ಜತೆಗೆ ಇದು ಕೂಡಿಕೊಂಡಾಗಲೇ ಹೆಚ್ಚು ಫಲವನ್ನು ಕೊಡುವುದು.

ಕೈಯಲ್ಲಿರುವ ದೂರವಾಣಿಯ ಯಂತ್ರವೇ ಈಗ ಭಾಷಾಂತರ ಮಾಡುವಾಗ ಈ ಶ್ರಮವೇಕೆ ಎಂದು ಕೆಲವರು ಕೇಳಬಹುದು. ಅಂಗಡಿಯ ಬೆಲೆಯನ್ನೂ ಬೀದಿಯ ಹೆಸರನ್ನೂ ಯಂತ್ರವು ಹೇಳೀತು. ಆದರೆ ಅದು ತಪ್ಪು ಹೇಳಿತೋ ಸರಿ ಹೇಳಿತೋ ಎಂದು ನಿರ್ಣಯಿಸುವುದಕ್ಕೆ ಭಾಷೆಯನ್ನು ಬಲ್ಲ ಮನುಷ್ಯರೇ ಬೇಕು. ಅಲ್ಲದೆ ಯಂತ್ರದ ಮೂಲಕ ಮಾತನಾಡಿ ಸ್ನೇಹವನ್ನು ಬೆಳೆಸುವುದು ಕಷ್ಟ.

ಸ್ನೇಹದಿಂದ ಏನಾಗಬಲ್ಲುದೆಂಬುದಕ್ಕೆ ಎರಡು ನಿದರ್ಶನಗಳು ಸಾಕು. ಸೊಲ್ಲಾಪುರದವರಾದ ಡಾಕ್ಟರ್ ದ್ವಾರಕಾನಾಥ ಕೋಟ್ನಿಸರು 1938ರಲ್ಲಿ ಐದು ಮಂದಿ ಭಾರತೀಯ ವೈದ್ಯರ ತಂಡದಲ್ಲಿ ಚೀನಕ್ಕೆ ಹೋದರು. ಯುದ್ಧದಲ್ಲಿ ಗಾಯಗೊಂಡವರ ಶುಶ್ರೂಷೆ ಮಾಡುತ್ತ, ಅಲ್ಲಿಯ ಭಾಷೆಯನ್ನು ಕಲಿತು, ಆ ಭಾಷೆಯಲ್ಲಿಯೇ ವೈದ್ಯವಿದ್ಯಾರ್ಥಿಗಳಿಗೆ ಪಾಠ ಹೇಳಿದರು. 1941ರಲ್ಲಿ ಗುವೊ ಚಿಂಗ್‌ಲಾನ್ ಎಂಬ ದಾದಿಯನ್ನು ಮದುವೆಯಾದರು. 1942ರಲ್ಲಿ ಹುಟ್ಟಿದ ಮಗನಿಗೆ ‘ಯಿನ್‌ಹ್ವಾ’ ಎಂದು ಹೆಸರಿಟ್ಟರು; ಯಿನ್ ಎಂಬುದು ಭಾರತವನ್ನೂ ಹ್ವಾ ಎಂಬುದು ಚೀನವನ್ನೂ ಸೂಚಿಸುತ್ತದೆ. ಅದೇ ವರ್ಷದ ಡಿಸೆಂಬರಿನಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ, ಕೋಟ್ನಿಸರು ಅಲ್ಲಿಯೇ ತೀರಿಕೊಂಡರು. ಆ ದೇಶದ ಜನರು ಇಂದಿಗೂ ಅವರನ್ನು ಗೌರವದಿಂದ ಸ್ಮರಿಸುತ್ತಾರೆ.

ಇನ್ನೊಬ್ಬರು ಚೀ ಶ್ಯೆನ್‌ಲಿನ್ ಎಂಬ ಚೀನೀ ವಿದ್ವಾಂಸರು. ಇವರು ಜರ್ಮನಿಯಲ್ಲಿ ಸಂಸ್ಕೃತವನ್ನು ಕಲಿತು ಬಂದವರು. ಸಾಂಸ್ಕೃತಿಕ ಕ್ರಾಂತಿಯೆಂಬ ಗದ್ದಲದ ಕಾಲದಲ್ಲಿ ಅವಮಾನಕ್ಕೆ ಗುರಿಯಾಗಿ, ವಿದ್ಯಾರ್ಥಿನಿಲಯದ ಬಾಗಿಲು ಕಾಯುವ ಕೆಲಸಕ್ಕೆ ಹಾಕಲ್ಪಟ್ಟಾಗಲೂ, ಇವರು 1973ರಿಂದ ಯಾರಿಗೂ ತಿಳಿಯದಂತೆ ವಾಲ್ಮೀಕಿ ರಾಮಾಯಣವನ್ನು ಚೀನೀ ಪದ್ಯಗಳಾಗಿ ಭಾಷಾಂತರಿಸುತ್ತ ಬಂದರು. 1980ರಿಂದ 1984ರ ಒಳಗೆ ಅದು ಪ್ರಕಟವಾಯಿತು. ಭಾರತ ಸರಕಾರವು 2008ರಲ್ಲಿ ಇವರಿಗೆ ಪದ್ಮಭೂಷಣವನ್ನು ಕೊಟ್ಟು ಗೌರವಿಸಿತು. ಮಹಾಭಾರತವೂ 2005ರಲ್ಲಿ ಸಂಪೂರ್ಣವಾಗಿ ಚೀನೀ ಭಾಷೆಯಲ್ಲಿ ಹೊರಬಂದಿದೆ. ನಮ್ಮ ಮಹಾಕಾವ್ಯಗಳನ್ನು ಅವರು ಮೂಲದಿಂದಲೇ ಓದಿ ಅನುವಾದಿಸಿರುವಾಗ, ಅವರ ಕಾವ್ಯಗಳನ್ನು ಕನ್ನಡಿಗರು ಹೆಚ್ಚಾಗಿ ಇಂಗ್ಲಿಷಿನಿಂದಲೇ ತಿಳಿದುಕೊಳ್ಳುತ್ತಿದ್ದೇವೆ.

ಕಡೆಯದಾಗಿ, ಹೆಣ್ಣುಮಕ್ಕಳಿಗೆ ವಿಶೇಷವಾಗಿ ಸಂಬಂಧಿಸಿದ ಮಾತೊಂದನ್ನು ಹೇಳಬೇಕಾಗಿದೆ. ಚೀನೀ ಲಿಪಿಯಲ್ಲಿ ಹೆಣ್ಣಿನ ಗುರುತನ್ನೂ ಮಗುವಿನ ಗುರುತನ್ನೂ ಜತೆಗೂಡಿಸಿದರೆ ‘ಒಳ್ಳೆಯದು’ ಎಂದಾಗುತ್ತದೆ. ಮನೆಯ ಮಾಡಿನ ಕೆಳಗೆ ಹೆಣ್ಣನ್ನು ಬರೆದರೆ ‘ನೆಮ್ಮದಿ’ ಎಂದಾಗುತ್ತದೆ. ಆದರೆ ಗುಲಾಮತನ, ಹೊಟ್ಟೆಕಿಚ್ಚು ಎಂಬ ಶಬ್ದಗಳಲ್ಲಿಯೂ ಅದೇ ಹೆಣ್ಣಿನ ಗುರುತಿದೆ. ಲಿಪಿಯನ್ನು ರೂಪಿಸಿದವರ ಮನಸ್ಸಿನಲ್ಲಿದ್ದ ಗೌರವವೂ ಅನಾದರವೂ ಅದರಲ್ಲಿ ಒಟ್ಟಿಗೆ ಉಳಿದಿವೆ. ಆ ದೇಶದಲ್ಲಿ ವಿದ್ಯಾವತಿಯರು ಇರಲಿಲ್ಲವೆಂದಲ್ಲ. ಒಂದನೆಯ ಶತಮಾನದಲ್ಲಿ ಹುಟ್ಟಿದ ಬಾನ್ ಝಾವೊ ಎಂಬವಳು, ಅಣ್ಣನು ಅರ್ಧಕ್ಕೆ ಬಿಟ್ಟು ತೀರಿಕೊಂಡ ಹಾನ್ ರಾಜವಂಶದ ಇತಿಹಾಸವನ್ನು ಮುಂದುವರಿಸಿದವಳು. ಆದರೆ ಸಾಮಾನ್ಯರ ಮನೆಯ ಹೆಣ್ಣುಮಕ್ಕಳಿಗೆ ಅಕ್ಷರಗಳನ್ನು ಕಲಿಸುವ ಪದ್ಧತಿಯಿರಲಿಲ್ಲ.

ಆಗ ಹುನಾನ್ ಪ್ರಾಂತದ ಜ್ಯಾಂಗ್‌ಯೊಂಗ್ ಎಂಬ ಸೀಮೆಯ ಹೆಂಗಸರು ಒಂದು ಅಪೂರ್ವ ಕಾರ್ಯವನ್ನು ಮಾಡಿದರು. ತಮ್ಮ ಊರಿನ ಆಡುಮಾತಿನ ಧ್ವನಿಗಳಿಗೆ ಹೊಂದುವ ತೆಳ್ಳನೆಯ ಓರೆಗೆರೆಗಳ ಲಿಪಿಯೊಂದು ಅವರಲ್ಲಿಯೇ ಬೆಳೆದು ಬಂದಿತು. ಅದಕ್ಕೆ ‘ನ್ಯೂಷೂ’, ಎಂದರೆ ಹೆಂಗಸರ ಬರಹ, ಎಂದು ಹೆಸರು. ತಾಯಿಯು ಮಗಳಿಗೂ, ಅತ್ತೆಯು ಸೊಸೆಗೂ, ಗೆಳತಿಯು ಗೆಳತಿಗೂ ಇದನ್ನು ಕಲಿಸಿಕೊಟ್ಟರು. ಮದುವೆಯಾಗಿ ಹೋದ ಹುಡುಗಿಗೆ ಮೂರನೆಯ ದಿನ ಅವಳ ಗೆಳತಿಯರು ಬಟ್ಟೆಯ ಹೊದಿಕೆಯ ಪುಸ್ತಕವೊಂದನ್ನು ಕಳುಹಿಸುತ್ತಿದ್ದರು. ಅದರಲ್ಲಿ ಅವರ ಅಗಲಿಕೆಯ ದುಃಖವೂ ಹಾರೈಕೆಯೂ ಈ ಲಿಪಿಯಲ್ಲಿ ಬರೆದಿರುತ್ತಿದ್ದವು. ಮುಂದೆ ಹೆಣ್ಣುಮಕ್ಕಳಿಗೂ ಶಾಲೆಯ ಬಾಗಿಲು ತೆರೆದ ಮೇಲೆ ಈ ಬರಹದ ಬಳಕೆಯು ಕಡಿಮೆಯಾಯಿತು. ಬಾಲ್ಯದಿಂದಲೇ ಇದನ್ನು ಕಲಿತು ಬರೆಯಬಲ್ಲವರಲ್ಲಿ ಕೊನೆಯವಳೆಂದು ಹೇಳಲಾದ ಯಾಂಗ್ ಹ್ವಾನ್‌ಯಿ ಎಂಬ ವೃದ್ಧೆಯು 2004ರಲ್ಲಿ ತೀರಿಕೊಂಡಳು.

ವಿದ್ಯೆಯನ್ನು ಯಾರೂ ಕೊಡದಿದ್ದಾಗಲೂ ಅದನ್ನು ತಾವೇ ಮಾಡಿಕೊಂಡ ಆ ಹೆಂಗಸರ ಬರಹಗಳಲ್ಲಿ ಕನ್ನಡಕ್ಕೆ ನೇರವಾಗಿ ಬರಬೇಕಾದುದು ಬಹಳವಿದೆ. ಅವರ ಗೆಳತಿಯ ಪುಸ್ತಕಗಳನ್ನು ಅರಿತು, ನಮ್ಮ ಅಜ್ಜಿಯರ ಸೋಬಾನೆ ಪದಗಳ ಪಕ್ಕದಲ್ಲಿಟ್ಟು ನೋಡಬಲ್ಲವಳು ನಮ್ಮ ಶಾಲೆಗಳಿಂದಲೇ ಹೊರಡಬೇಕು. ಅದಕ್ಕೆ ಸಹ ಮೊದಲ ಮೆಟ್ಟಿಲು ಸಾಮಾನ್ಯ ಚೀನೀ ಭಾಷೆಯೇ.

ರವೀಂದ್ರನಾಥ ಠಾಕೂರರು 1924ರಲ್ಲಿ ಚೀನಕ್ಕೆ ಹೋಗಿ ಬಂದ ಮೇಲೆ, 1937ರಲ್ಲಿ ಶಾಂತಿನಿಕೇತನದಲ್ಲಿ ಚೀನಾ ಭವನವು ಸ್ಥಾಪಿತವಾಯಿತು. ತಾನ್ ಯುನ್‌ಶಾನ್ ಎಂಬ ಚೀನೀ ಪಂಡಿತರು ಅದರ ಮೊದಲನೆಯ ಅಧ್ಯಕ್ಷರಾದರು. ಇಂದು ಅಲ್ಲಿಯೂ, ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾನಿಲಯದಲ್ಲಿಯೂ, ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿಯೂ ಈ ಭಾಷೆಯನ್ನು ಕ್ರಮವಾಗಿ ಕಲಿಯಬಹುದು.

ಎಲ್ಲ ಬಾಲಿಕೆಯರೂ ಚೀನೀಯನ್ನು ಕಲಿಯಬೇಕೆಂಬುದು ಈ ಲೇಖನದ ಅಭಿಪ್ರಾಯವಲ್ಲ. ಒಂದು ತರಗತಿಯಲ್ಲಿ ಒಬ್ಬಳಾದರೂ ಅದರಲ್ಲಿ ಆಸಕ್ತಳಾದರೆ, ‘ಅದರಿಂದ ನಮಗೇನು’ ಎಂದು ಅವಳ ಉತ್ಸಾಹವನ್ನು ಕುಗ್ಗಿಸದೆ, ದಿನದ ಒಂದು ಗಂಟೆಯ ಬಿಡುವನ್ನೂ ಒಂದು ಚೌಕದ ಪುಸ್ತಕವನ್ನೂ ಅವಳಿಗೆ ಕೊಡಿರೆಂದು ಮಾತಾಪಿತೃಗಳಲ್ಲಿ ವಿಜ್ಞಾಪನೆ. ಈ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಸಿಂಗಪುರದಲ್ಲಿಯೋ ಹಾಂಗ್‌ಕಾಂಗಿನಲ್ಲಿಯೋ ಸಂಸಾರ ನಡೆಸುತ್ತಿರುವವರಿದ್ದರೆ, ಅವರು ನೆರೆಮನೆಯವರಿಂದ ಕಲಿತ ಹತ್ತು ಮಾತುಗಳನ್ನಾದರೂ ರಜಾದಿನಗಳಲ್ಲಿ ಊರಿಗೆ ಬಂದಾಗ ಇಲ್ಲಿಯ ಕಿರಿಯರಿಗೆ ಹೇಳಿಕೊಡಲಿ. ನಮ್ಮ ಪುಲಿಕೇಶಿಯ ಕಥೆಯನ್ನು ಹ್ಯೂಯೆನ್ ತ್ಸಾಂಗನ ಮಾತಿನಲ್ಲಿಯೇ ಓದಿ ನಮಗೆ ಕನ್ನಡದಲ್ಲಿ ತಿಳಿಸುವ ಹೆಣ್ಣುಮಗಳೊಬ್ಬಳು ಬೇಗನೆ ಮುಂದೆ ಬರಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.